ಗಟ್ಟಿ ಓದು

ಮಸಗುಪ್ಪಿಯ ಬೀರಪ್ಪನ ಗುಡಿ ಓಣಿಯಲ್ಲಿ ಶಿದ್ರಾಮನ ಮನೆಗೆ ಓದುವ ಮನೆ ಎಂದು ಹೆಸರು. ಹಾಗಂತ ಆ ಮನೆಯಲ್ಲಿ ಎಲ್ಲರೂ ಪಂಡಿತರಲ್ಲ. ಶಿದ್ರಾಮ ಹೆಬ್ಬೆಟ್ಟು, ಹೆಂಡತಿ ಮಾಯವ್ವ ಹೆಬ್ಬೆಟ್ಟು, ಹಿರಿಮಗ ಮಾಳು ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದು ಕುರಿಗಳ ಹಿಂದೆ ಹೋದವನು. ಓದಿದವಳು ಮಗಳು ದೀಪಾ ಒಬ್ಬಳೇ. ಆದರೆ ಅವಳು ಓದಲು ಕುಳಿತರೆ ಅರ್ಧ ಓಣಿಗೆ ಕೇಳುತ್ತಿತ್ತು.

ಓದು ಬಾರದ ತಂದೆತಾಯಿ ಮಕ್ಕಳ ಓದನ್ನು ಅಳೆಯುವುದು ಕಿವಿಯಿಂದ. ದನಿ ಬಂದರೆ ಓದು, ದನಿ ನಿಂತರೆ ಕಳ್ಳಾಟ. ಇದು ಆ ಕಡೆ ಊರೂರಲ್ಲೂ ಇದ್ದದ್ದೇ, ಇದಕ್ಕಾಗಿ ಶಿದ್ರಾಮನೊಬ್ಬನನ್ನು ಬೈಯಬೇಕಾಗಿಲ್ಲ. ಅವನನ್ನು ಬೈಯಬೇಕಾದದ್ದು ಬೇರೆ ಕಾರಣಕ್ಕೆ. ಹೆಂಡತಿಯನ್ನು ಬಡಿಯುವ ಮುಂಚೆ ಅವನು ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿ, "ಓದ್ರಿ, ಗಟ್ಟ್ಯಾಗಿ ಓದ್ರಿ" ಎಂದು ಹೇಳಿ ಒಳಗೆ ಹೋಗುತ್ತಿದ್ದ.

ಕಾರಣಕ್ಕೇನು ಬರವೇ? ರೊಟ್ಟಿ ತಣ್ಣಗಾಗಿತ್ತು, ಮರಿಯೊಂದು ಕುಂಟುತ್ತಿತ್ತು, ಘಟಪ್ರಭಾದ ಸಂತೆಯಲ್ಲಿ ಯಾರೋ ಏನೋ ಅಂದಿದ್ದರು. ಮೊದಮೊದಲು ಓದುವ ಕೆಲಸ ಮಾಳುವಿನದು. ಅವನು ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದ. ಅವನು ನಿಂತ ಜಾಗದಲ್ಲಿ ಅವ್ವನ ದನಿ ಹೊರಗೆ ಬೀಳುತ್ತಿತ್ತು. ಆಗ ಶಿದ್ರಾಮ ಅರ್ಧಕ್ಕೆ ಬಿಟ್ಟು ಬಂದು ಮಾಳುವಿನ ಎಡಗಿವಿಗೆ ಎರಡು ಬಿಗಿದು ಮತ್ತೆ ಒಳಗೆ ಹೋಗುತ್ತಿದ್ದ. ಒಂದು ಸಂಜೆ ಎರಡನೆಯ ಇಯತ್ತೆಯ ದೀಪಾ ಅಣ್ಣನ ಪುಸ್ತಕ ಕಸಿದುಕೊಂಡು, ಅರ್ಥ ತಿಳಿಯದಿದ್ದರೂ ಎಲ್ಲೂ ನಿಲ್ಲದೆ ನೀರು ಸುರಿದಂತೆ ಓದಿಬಿಟ್ಟಳು. ಅಣ್ಣನಿಗೆ ಏಟು ಬೀಳಬಾರದೆಂದು ಓದಿದಳು, ಅಷ್ಟೆ. ಅಂದಿನಿಂದ ಆ ಕೆಲಸ ಅವಳ ಪಾಲಿಗೆ ಬಂತು.

ಅವಳ ನಾಲಗೆ ಪಳಗಿತು. ಸಾಲಿ ಗುರುಗಳು ಹೊಗಳಿದ್ದೇ ಹೊಗಳಿದ್ದು. ಮೂಡಲಗಿಯಲ್ಲಿ ನಡೆದ ವಾಚನ ಸ್ಪರ್ಧೆಯಲ್ಲಿ ಸ್ಟೀಲಿನ ಡಬ್ಬಿ ಗೆದ್ದು ಬಂದಳು, ಮಾಯವ್ವ ಅದರಲ್ಲಿ ಶೇಂಗಾ ಹಿಂಡಿ ತುಂಬಿಟ್ಟಳು. ಆದರೆ ಓದಿದ್ದರ ಅರ್ಥ ಕೇಳಿದರೆ ಹುಡುಗಿ ತಬ್ಬಿಬ್ಬು. ಬಾಯಿ ಪುಸ್ತಕದಲ್ಲಿ, ಕಿವಿ ಒಳಕೋಣೆಯಲ್ಲಿ. ತಲೆಗೆ ಏನು ತಾನೇ ಹೋದೀತು?

ಕುಲಗೋಡದ ಹೈಸ್ಕೂಲಿಗೆ ಹೋದಾಗ ಅಲ್ಲಿನ ಶಿಕ್ಷಕಿ ಬಾಯಿಯವರೊಬ್ಬರು ಅವಳ ತುಟಿಯ ಮೇಲೆ ಫೂಟಪಟ್ಟಿ ಇಟ್ಟು, "ತುಟಿ ಮುಚ್ಚಿ ಓದ. ಕಣ್ಣಿಂದ ಓದ" ಎಂದರು. ಅವಳಿಗೆ ಆಗಲಿಲ್ಲ. ತುಟಿ ಮುಚ್ಚಿದೊಡನೆ ಕಿವಿಯಲ್ಲಿ ಅವ್ವ ಅಳುತ್ತಿದ್ದಳು. ಕಣ್ಣಿನ ಓದು ಸಾಧ್ಯವಾದದ್ದು ಗೋಕಾಕಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಲು ಹತ್ತಿದ ಮೇಲೆ. ಇಂಜಿನ್ನಿನ ಗದ್ದಲ, ಕಂಡಕ್ಟರನ ಒದರಾಟ, ಸೀಟಿಗಾಗಿ ಹೆಂಗಸರ ಜಗಳ. ಅಷ್ಟು ಸದ್ದಿನ ನಡುವೆ ಅವಳು ದನಿ ಮಾಡುವ ಅಗತ್ಯವೇ ಇರಲಿಲ್ಲ. ಲೈಬ್ರರಿಯ ಒಂದು ಕಥೆಪುಸ್ತಕವನ್ನು ಕಂಬಿಗೆ ಒರಗಿ ನಿಂತು, ತುಟಿ ಮುಚ್ಚಿ, ಕೊನೆಯವರೆಗೆ ಓದಿದಳು. ಮೊದಲ ಸಲ ತಲೆಗೆ ಹೋಯಿತು. ಅಳು ಬಂತು. ಮಸಗುಪ್ಪಿ ದಾಟಿ ಎರಡು ಊರು ಮುಂದೆ ಇಳಿದು ನಡೆದುಕೊಂಡು ಬಂದಳು, ತಡವಾಗಿದ್ದಕ್ಕೆ ಅಪ್ಪನಿಂದ ಕಪಾಳಕ್ಕೆ ತಿಂದಳು. ಮನಸ್ಸು ಇನ್ನೂ ಕಥೆಯಲ್ಲೇ ಇದ್ದುದರಿಂದ ಏಟು ಅಷ್ಟಾಗಿ ತಾಗಲಿಲ್ಲ. ಮುಂದೆ ಐದು ವರ್ಷ ಹೀಗೇ ನಡೆಯಿತು: ಮನೆಯಲ್ಲಿ ಬಾಯಿ ಓದು, ಬಸ್ಸಿನಲ್ಲಿ ಕಣ್ಣಿನ ಓದು.

ಬೆಳಗಾವಿಯಲ್ಲಿ ಎಂ.ಎ. ಸೇರಿ ಹಾಸ್ಟೆಲಿಗೆ ಹೋದಾಗ ರೂಮಿನ ಗೆಳತಿ ಪದ್ಮಶ್ರೀ ಮೊದಲ ವಾರವೇ ಕೈಮುಗಿದಳು. "ತಾಯಿ, ಇದೇನ ಓದೋ, ಸಂತ್ಯಾನ ಲಿಲಾವೋ? ಇನ್ನೊಮ್ಮಿ ಒದರಿದ್ರ ಬುಕ್ಕ ಖಿಡಕ್ಯಾಗಿಂದ ಒಗೀತೇನಿ ನೋಡ." ದೀಪಾ ನಕ್ಕಳು. ಆರು ತಿಂಗಳಲ್ಲಿ ಆ ಚಟ ಬಿಟ್ಟಿತು. ನಾಲ್ಕನೆಯ ಸೆಮಿಸ್ಟರಿನ ಹೊತ್ತಿಗೆ ಮೊಬೈಲಿನಲ್ಲೋ ಪುಸ್ತಕದಲ್ಲೋ ದಿನಕ್ಕೆ ನೂರು ಪುಟ, ತುಟಿ ಅಲುಗಿಸದೆ ಓದುವಂತಾದಳು. ಓದಿದ್ದೆಲ್ಲ ಅರ್ಥವಾಗುತ್ತಿತ್ತು. ಪರೀಕ್ಷೆಯೊಂದು ಮುಗಿದರೆ ಗೋಕಾಕಿನ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಬಾ ಎಂದು ಹಳೆಯ ಗುರುಗಳು ಮಾತು ಕೊಟ್ಟಿದ್ದರು. ಆ ಮಾತೇ ಅವಳಿಗೆ ಬಾಗಿಲು. ಕೈಗೆ ಪಗಾರ ಬಂದರೆ ಮತ್ತೆ ಆ ಮನೆಯ ಪಡಸಾಲೆಯಲ್ಲಿ ಕೂರಬೇಕಾಗಿಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ ಓದುವ ರಜೆಗೆ ಊರಿಗೆ ಬಂದಳು.

ಮನೆಯಲ್ಲಿ ಈಗ ಒಂದು ಹೊಸ ಮುಖ ಇತ್ತು. ಹಿಂದಿನ ವರ್ಷ ಮಾಳುವಿನ ಮದುವೆಯಾಗಿತ್ತು. ಹೆಂಡತಿ ಮೇಘಾ, ಹುಕ್ಕೇರಿ ಕಡೆಯ ಬೀರಸಿದ್ದಪ್ಪನ ಮಗಳು, ಡಿಗ್ರಿ ಎರಡು ವರ್ಷ ಓದಿ ಬಿಟ್ಟವಳು. ಕಾಗದ ಕಂಡರೆ ಬಿಡದ ಹುಡುಗಿ. ಸಕ್ಕರೆ ಕಟ್ಟಿಕೊಟ್ಟ ಪೇಪರನ್ನೂ ಚಪ್ಪಟೆ ಮಾಡಿ ಓದಿ ಒಲೆಗೆ ಹಾಕುತ್ತಿದ್ದಳು.

"ವೈನಿ, ಇದನ್ನ ತಗೊ" ಎಂದು ದೀಪಾ ಚೀಲದಿಂದ ಒಂದು ಕಾದಂಬರಿ ತೆಗೆದುಕೊಟ್ಟಳು.

"ನಿಮಗ ಬ್ಯಾಡನ್ರಿ?"

"ನಂದ ಆಗೈತಿ. ಓದಿ ಹೇಳ, ಹೆಂಗನಸ್ತು ಅಂತ."

ಮೇಘಾ ಪುಸ್ತಕವನ್ನು ಸೆರಗಿನಡಿ ಹಿಡಿದುಕೊಂಡು ಒಳಗೆ ಹೋದಳು. ಒಳ್ಳೆಯದನ್ನು ಮಾಡಿದೆ ಎಂದುಕೊಂಡಳು ದೀಪಾ.

ಮೊದಲ ಮೂರು ದಿನ ಅವಳು ಕಟ್ಟೆಯ ಮೇಲೆ ಕುಳಿತು ಓದುವುದನ್ನು ಶಿದ್ರಾಮ ಓರೆಗಣ್ಣಿಂದ ನೋಡಿದ. ನಾಲ್ಕನೆಯ ದಿನ ಮಧ್ಯಾಹ್ನ ರೊಟ್ಟಿ, ಮಡಿಕಿ ಪಲ್ಯೆ ಮುಂದಿಟ್ಟುಕೊಂಡು ಕೇಳಿಯೇಬಿಟ್ಟ.

"ಪರೀಕ್ಷಾ ಐತಿ ಅಂದಿ. ಓದೂದ ಕೇಳವಲ್ದಲ್ಲ?"

"ಮನಸಿನ್ಯಾಗ ಓದಾಕತ್ತೇನಪಾ."

"ಮನಸಿನ್ಯಾಗ ಉಂಡ್ರ ಹೊಟ್ಟಿ ತುಂಬತೈತೇನ?"

"ಈಗ ಎಲ್ಲಾರೂ ಹಿಂಗ ಓದತಾರಪಾ."

"ಎಲ್ಲಾರೂ ಬಾವಿಗಿ ಬೀಳತಾರ. ಹೆಣ್ಣ ಹುಡುಗಿ ಬಾಯಿ ಮುಚ್ಚಿ ಮೊಬೈಲ ನೋಡಕೋಂತ ಕುಂತ್ರ ಮಂದಿ ಏನ ತಿಳಕೋಬೇಕು?"

ಮಾಳು ಪಕ್ಕದಲ್ಲಿ ಕುಳಿತು ಉಳ್ಳಾಗಡ್ಡಿ ಗುದ್ದಿಕೊಳ್ಳುತ್ತಿದ್ದ. "ಆಕಿಗಿ ಏನೂ ಅನಬ್ಯಾಡಪಾ, ದೊಡ್ಡ ಮನಶ್ಯಾಳ ಆಗ್ಯಾಳ" ಎಂದು ನಕ್ಕ. ಅವನ ಎಡಗಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ಮಾತಾಡುವವರ ಕಡೆ ಯಾವಾಗಲೂ ಬಲಗಿವಿ ತಿರುಗಿಸುತ್ತಿದ್ದ.

ಆ ಸಂಜೆಯೇ ರೊಟ್ಟಿ ಸೀಯಿತು. ಮೇಘಾಳ ತೊಡೆಯ ಮೇಲೆ ಪುಸ್ತಕ ಇತ್ತು, ಹೆಂಚಿನ ಮೇಲೆ ರೊಟ್ಟಿ ಇತ್ತು, ಕಣ್ಣು ಯಾವುದರಲ್ಲಿತ್ತೆಂದು ಹೇಳಬೇಕಾಗಿಲ್ಲ. ಮಾಳು ಟ್ರ್ಯಾಕ್ಟರ್ ನಿಲ್ಲಿಸಿ, ಕೈಕಾಲು ತೊಳೆದು ತಾಟಿನ ಮುಂದೆ ಕುಳಿತವನು ಕರಿ ರೊಟ್ಟಿಯನ್ನು ಎತ್ತಿ ನೋಡಿದ.

"ಏನಿದು?"

"ಒಂದ ಸೀದೈತ್ರಿ. ಬ್ಯಾರೆ ಮಾಡಿಕೊಡ್ತೇನಿ."

"ನಿಮ್ಮಪ್ಪ ಇದನ್ನ ತಿಂತಾನೇನ?"

ತಾಟು ಗೋಡೆಗೆ ಹೋಯಿತು. ಮಾಳು ಅವಳ ಹೆರಳು ಹಿಡಿದು ಅಡುಗೆಮನೆಯಿಂದ ಒಳಕೋಣೆಗೆ ಎಳೆದುಕೊಂಡು ಹೋದ. ಮೊಣಕಾಲು ನೋವು ಬಂದ ಮೇಲೆ ಶಿದ್ರಾಮ ಬಡಿಯುವುದನ್ನು ಬಿಟ್ಟಿದ್ದ. ಹೊಲ, ಕುರಿ, ಟ್ರ್ಯಾಕ್ಟರಿನ ಜೊತೆ ಅದನ್ನೂ ಮಗನಿಗೆ ಒಪ್ಪಿಸಿದ್ದ. ಕಟ್ಟೆಯ ಮೇಲೆ ಕುಳಿತಿದ್ದವನು ತಂಬಾಕು ತಿಕ್ಕುವುದನ್ನೂ ನಿಲ್ಲಿಸದೆ ಹೇಳಿದ.

"ದೀಪಾ, ಓದ."

ದೀಪಾಳ ಬಾಯಿ ತೆರೆಯಿತು. ಅವಳು ತೆರೆಯಲಿಲ್ಲ, ಅದೇ ತೆರೆಯಿತು. ಕೈಯಲ್ಲಿದ್ದ ಕಾವ್ಯಮೀಮಾಂಸೆಯ ಪುಸ್ತಕವನ್ನು ಎರಡನೆಯ ಇಯತ್ತೆಯ ಅದೇ ರಾಗದಲ್ಲಿ, ಅದೇ ಎತ್ತರದಲ್ಲಿ ಓದಲು ಹತ್ತಿದಳು. ಒಳಗೆ ಗೋಡೆಗೆ ತಲೆ ಬಡಿಯಿತು. ರಸ ಎಂದರೇನು ಎಂದು ಓದಿದಳು. ಬೆಲ್ಟಿನ ಸದ್ದು ಬಂತು. ಸಹೃದಯನ ಲಕ್ಷಣಗಳನ್ನು ಓದಿದಳು. ಮೂರು ಪುಟ ಮುಗಿದ ಮೇಲೆ ಮಾಳು ಹೊರಗೆ ಬಂದು, "ಸಾಕ ಬಿಡ" ಎಂದ. ಆಗಲೇ ಅವಳಿಗೆ ತಾನೇನು ಮಾಡಿದೆ ಎಂಬುದು ತಿಳಿದದ್ದು. ಎರಡು ಡಿಗ್ರಿಗೆ ಬೇಕಾದಷ್ಟು ಓದಿದ ಹೆಣ್ಣು, ಅಪ್ಪನ ಒಂದು ಮಾತಿಗೆ ಏಳು ವರ್ಷದ ಹುಡುಗಿಯಾಗಿಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಮೇಘಾ ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು.

"ವೈನಿ..."

"ಛಲೋ ಓದ್ತೀರಿ" ಎಂದಳು ಮೇಘಾ, ತಲೆ ಎತ್ತದೆ. "ನನ್ನ ದನಿ ನನಗ ಕೇಳಸ್ಲಿಲ್ಲ, ಅಷ್ಟ ಛಲೋ ಓದಿದ್ರಿ."

ದೀಪಾ ಒಳಗೆ ಹೋಗಿ ಅವ್ವನ ಮುಂದೆ ಕುಳಿತಳು. ಮಾಯವ್ವ ಹಿಟ್ಟು ನಾದುತ್ತಿದ್ದಳು. ಅವಳ ಬಲಗೈಯ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಅದೊಂದನ್ನು ಹೊರಗೆ ಬಿಟ್ಟು ನಾದುವುದು ಅವಳ ರೂಢಿ.

"ಅವ್ವಾ, ಅಪ್ಪಗ ನಾಚಿಕಿ ಆಗೂದಿಲ್ಲೇನ? ನನ್ನ ಕೂಡ್ಸಿ ಓದಾಕ ಹಚ್ಚತಾನ."

ಮಾಯವ್ವ ಹಿಟ್ಟಿಗೆ ನೀರು ಚಿಮುಕಿಸಿದಳು. "ನಿಮ್ಮಪ್ಪಗೆಲ್ಲಿ ಅಷ್ಟು ಬುದ್ಧಿ. ನಾ ಹೇಳಿದ್ದದು."

"ಏನ?"

"ಬಡಿತ ತಪ್ಪೂದಿಲ್ಲ, ಅದು ಹಣ್ಯಾಗ ಬರದೈತಿ. ಆದ್ರ ಓಣಿ ಮಂದಿ ಕೇಳಿದ್ರ ನಾ ಮುಂಜಾನೆ ನೀರಿಗೆ ಹೆಂಗ ಹೋಗ್ಲಿ? ಹುಡುಗರು ಓದಲಿ, ದನಿ ಹೊರಗ ಹೋಗೂದಿಲ್ಲ ಅಂತ ನಾನ ಕೈಮುಗದ ಹೇಳಿದ್ನಿ. ಅದೊಂದ ಮಾತ ಕೇಳಿದ ನಂದು."

"ಅವ್ವಾ!"

"ಮರ್ಯಾದಿ ಉಳೀತಲ್ಲ" ಎಂದು ಮಾಯವ್ವ ಹಿಟ್ಟಿನ ಉಂಡೆ ಮುರಿದಳು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಉಳಿದ ಮರ್ಯಾದೆ ಎಷ್ಟೆಂಬುದು ಸಂಜೆ ಗೊತ್ತಾಯಿತು. ಹಾಲಿಗೆ ಹೆಪ್ಪು ಬೇಕೆಂದು ದೀಪಾ ಬಾಜೂ ಮನೆಯ ಹಣಮವ್ವನ ಹತ್ತಿರ ಹೋದಳು. ಹಣಮವ್ವ ಬಟ್ಟಲಿಗೆ ಮೊಸರು ಹಾಕುತ್ತ, "ಏನವಾ, ಮತ್ತ ಚಾಲೂ ಆತಲ್ಲ ನಿಮ್ಮ ಮನ್ಯಾಗ?" ಎಂದಳು.

"ಏನ ಚಾಲೂ ಆತು?"

"ನಿನ್ನ ಓದು. ಮೊದಲ ಮಾಯಕ್ಕ ಇದ್ಳು, ಈಗ ಆ ಹುಕ್ಕೇರಿ ಹುಡುಗಿ."

ದೀಪಾ ಬಟ್ಟಲನ್ನು ಕೆಳಗಿಟ್ಟಳು. "ನಿಮಗ... ನಿಮಗ ಗೊತ್ತಿತ್ತೇನ ಚಿಗವ್ವಾ?"

"ಹುಚ್ಚಿ, ಗೊತ್ತಿಲ್ಲದ ಏನ? ಉಳದ ಹುಡುಗರು ಓದಿದ್ರ ನಡುವ ಕೆಮ್ಮತಾರ, ನೀರ ಕುಡೀತಾರ. ನೀ ಉಸರ ತಗೊಳ್ಳದ ಓದತಿದ್ದಿ. ನಿನ್ನ ದನಿ ಏರಿತು ಅಂದ್ರ ಮಾಯಕ್ಕಗ ಬೀಳಾಕತ್ತಾವ ಅಂತ ಓಣಿಗೆಲ್ಲಾ ಗೊತ್ತ. ನಿಮ್ಮ ಕಾಕಾ ಟೀವಿ ದನಿ ಏರಸ್ತಿದ್ದ."

"ಮತ್ತ ಒಬ್ರೂ ಬರ್ಲಿಲ್ಲಲ್ಲ?"

"ಗಂಡ ಹೆಂಡರ ಜಗಳ ಉಂಡ ಮಲಗೂ ತನಕ ಅಂತಾರ. ನಡುವ ನಾವ್ಯಾಕ?"

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಹದಿನೈದು ವರ್ಷ ಈ ಮನೆ ನಡೆದಿತ್ತು. ಅವ್ವ ಮುಚ್ಚಿದ್ದೇನೆ ಎಂದುಕೊಂಡದ್ದನ್ನು ಮಗಳು ಡಂಗುರ ಹೊಡೆದಿದ್ದಳು, ಊರು ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಿತ್ತು. ಇದನ್ನು ಅವ್ವನಿಗೆ ಹೇಳುವ ಧೈರ್ಯ ದೀಪಾಳಿಗೆ ಬರಲಿಲ್ಲ. ಹೇಳಿದರೆ ಅವ್ವ ನಾಳೆಯಿಂದ ನೀರಿಗೆ ಹೋಗುವುದಿಲ್ಲ.

ಅಣ್ಣನಿಗಾದರೂ ಬುದ್ಧಿ ಹೇಳೋಣವೆಂದು ಎರಡು ದಿನ ಬಿಟ್ಟು ಕುರಿ ಹಟ್ಟಿಗೆ ಹೋದಳು. ಮಾಳು ಕುರಿಯೊಂದನ್ನು ಕಾಲಡಿ ಒತ್ತಿಕೊಂಡು ಉಣ್ಣೆ ಕತ್ತರಿಸುತ್ತಿದ್ದ.

"ಅಣ್ಣಾ, ನಿನ್ನ ಕಿವಿಗೆ ಅಪ್ಪ ಹೊಡೀತಿದ್ದ. ನೆನಪೈತಿಲ್ಲೊ?"

"ಬಲಗಡೆ ಬಂದ ಹೇಳ."

ಅವಳು ಬಲಗಡೆ ಬಂದು ಮತ್ತೆ ಹೇಳಿದಳು.

"ನೆನಪೈತಿ. ಏನೀಗ?"

"ವೈನಿಗೆ ಹಂಗ ಬಡೀಬ್ಯಾಡ. ನಿನಗ ಕೈಮುಗೀತೇನಿ."

ಮಾಳು ಕತ್ತರಿ ನಿಲ್ಲಿಸಿದ. "ನೀ ನನ್ನ ಬುಕ್ಕ ಕಸಗೊಂಡಿ ನೋಡ, ಅವತ್ತಿನಿಂದ ನೀ ಶ್ಯಾಣ್ಯಾಕಿ ಆದಿ, ನಾ ದಡ್ಡ ಆದ್ನಿ. ಓದಿ ನೀ ಬೆಳಗಾವಿಗೆ ಹೋದಿ. ನಾ ಇವುಗಳ ಹಿಕ್ಕಿ ಬಳದ್ನಿ. ಈಗ ಹೆಂಡತಿಗೂ ಬುಕ್ಕ ಕೊಟ್ಟ ಕೆಡಸಾಕತ್ತಿ. ನಡಿ ಮನಿಗಿ, ಇಲ್ಲಾಂದ್ರ ನಿನಗೂ ಬೀಳತಾವ."

ಕುರಿ ಒದ್ದಾಡಿತು. ಅವನು ಅದರ ಕುತ್ತಿಗೆಯನ್ನು ಮೊಣಕಾಲಿನಿಂದ ಇನ್ನಷ್ಟು ಒತ್ತಿದ.

ಎರಡನೆಯ ವಾರ ಬೀರಸಿದ್ದಪ್ಪ ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಮಗಳನ್ನು ನೋಡಲು ಬಂದ. ಮಗಳ ಕಣ್ಣಿನ ಸುತ್ತ ಹಳದಿಗಟ್ಟಿದ ಕಲೆಯನ್ನು ನೋಡಿದ, ನೋಡದವನಂತೆ ಸೀಕರಣೆ ಚಪಾತಿ ಉಂಡ. ಹೊರಡುವಾಗ ಮೇಘಾ ಬಾಗಿಲವರೆಗೆ ಹೋಗಿ, "ಅಪ್ಪಾ, ನಾಕ ದಿನ ಕರಕೊಂಡ ಹೋಗ" ಎಂದಳು.

"ಹೊಂದಕೊಂಡ ಹೋಗಬೇಕವಾ. ನಿನ್ನ ಬೆನ್ನಿಗೆ ಇನ್ನೊಬ್ಬಾಕಿ ಅದಾಳ ಮನ್ಯಾಗ. ನೀ ತಿರಗಿ ಬಂದ್ರ ಆಕಿನ್ನ ಯಾರ ತಗೋತಾರ?"

ಮೇಘಾ ಖಾಲಿ ಬುಟ್ಟಿಯನ್ನು ಅವನ ಕೈಗೆ ಕೊಟ್ಟು ಒಳಗೆ ಬಂದಳು. ಆ ದಿನದಿಂದ ಅವಳು ಇನ್ನೂ ಹೆಚ್ಚು ಓದಲು ಹತ್ತಿದಳು. ದೀಪಾ ಬೇಡವೆನ್ನಲಿಲ್ಲ. ಆ ಮನೆಯಲ್ಲಿ ಅವಳಿಗೆ ಬೇರೆ ಜಾಗ ಎಲ್ಲಿತ್ತು?

ಪರೀಕ್ಷೆ ಮಂಗಳವಾರ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕೆಂದು ದೀಪಾ ರವಿವಾರವೇ ಚೀಲ ತುಂಬಿ ಬಾಗಿಲ ಸಂದಿಯಲ್ಲಿ ಇಟ್ಟಿದ್ದಳು. ಅದೇ ರವಿವಾರ ಸಂಜೆ ಮೇಘಾ ಹಟ್ಟಿಯಲ್ಲಿ ಮರಿಗಳನ್ನು ಕಾಯುತ್ತ ಕಾದಂಬರಿಯ ಕೊನೆಯ ಪುಟಗಳಲ್ಲಿದ್ದಳು. ತಡಿಕೆ ಸರಿದದ್ದು ಗೊತ್ತಾಗಲಿಲ್ಲ. ಎರಡು ಮರಿ ಹೊರಗೆ ಹೋದವು, ಬೀದಿನಾಯಿಗಳು ಒಂದನ್ನು ಹರಿದು ಹಾಕಿದವು.

ಮಾಳು ಸತ್ತ ಮರಿಯನ್ನು ಕಾಲು ಹಿಡಿದು ತಂದು ಅಂಗಳದಲ್ಲಿ ಒಗೆದ. ಸಲಿಕೆಯ ಕಾವು ಕೈಗೆತ್ತಿಕೊಂಡ. ಮೇಘಾ ಒಳಕೋಣೆ ಸೇರಿದಳು. ದೀಪಾ ಓಡಿಹೋಗಿ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಮರಿ ಹೋದ್ರ ಮತ್ತೊಂದ ಹುಟ್ಟತೈತಿ ಅಣ್ಣಾ!"

ಅವಳ ಕೆನ್ನೆಗೆ ಬಿದ್ದ ಏಟಿಗೆ ಹಲ್ಲು ತುಟಿಯೊಳಗೆ ಹೋಯಿತು. ಮಾಳು ಅವಳನ್ನು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾಯವ್ವ ಒಲೆಯ ಮುಂದೆ ಮೊಣಕಾಲಲ್ಲಿ ತಲೆ ಇಟ್ಟುಕೊಂಡು ಕುಳಿತುಬಿಟ್ಟಳು. ಒಳಗಿನಿಂದ ಮೊದಲ ಕೂಗು ಬಂತು.

"ಓದ" ಎಂದ ಶಿದ್ರಾಮ.

"ಓದೂದಿಲ್ಲ."

"ಮಂದಿ ಕೇಳಾಕತ್ತಾರ, ಓದ!"

"ಕೇಳಲಿ. ಮಂದಿಗೆಲ್ಲಾ ಗೊತ್ತೈತಿ ಅಪ್ಪಾ, ಮೊದಲಿಂದ ಗೊತ್ತೈತಿ!"

ಅವನಿಗೆ ಅದು ಅರ್ಥವಾಗಲಿಲ್ಲ ಅಥವಾ ಬೇಕಾಗಿರಲಿಲ್ಲ. ಬಾಗಿಲ ಸಂದಿಯ ಚೀಲವನ್ನು ಕಾಲಿನಿಂದ ತನ್ನ ಕಡೆಗೆ ಎಳೆದುಕೊಂಡ. "ಓದದಿದ್ರ ನಾಳಿ ಬೆಳಗಾವಿ ಇಲ್ಲ. ಪರೀಕ್ಷಾನೂ ಇಲ್ಲ, ನೌಕರಿನೂ ಇಲ್ಲ. ಶ್ರಾವಣದಾಗ ಲಗ್ನಾ ಮಾಡಿ ಒಗೀತೇನಿ. ಏನಂತಿ?"

ದೀಪಾ ಚೀಲ ನೋಡಿದಳು. ಮುಚ್ಚಿದ ಬಾಗಿಲು ನೋಡಿದಳು. ಮತ್ತೆ ಚೀಲ ನೋಡಿದಳು.

ಓದಿದಳು.

ಈ ಸಲ ಬಾಯಿ ತಾನಾಗಿ ತೆರೆಯಲಿಲ್ಲ. ಅವಳೇ ತೆರೆದಳು. ಯಾರಿಂದಲೂ ಏನೂ ಮುಚ್ಚಿಟ್ಟಂತಾಗುವುದಿಲ್ಲವೆಂದು ಗೊತ್ತಿದ್ದೂ, ಬಾಜೂ ಮನೆಯ ಟೀವಿ ದನಿ ಏರಿದ್ದು ಕೇಳಿಸುತ್ತಿದ್ದರೂ, ನೋವಿನ ತುಟಿಯಿಂದ ಪುಸ್ತಕದ ಮೇಲೆ ರಕ್ತ ಹನಿಯುತ್ತಿದ್ದರೂ ಓದಿದಳು. ಒಂದು ಕಡೆ ಉಸಿರು ಕಟ್ಟಿ ನಿಂತಳು. ಆ ನಿಂತ ಜಾಗದಲ್ಲಿ ಒಳಗೆ ಕಬ್ಬು ಮುರಿದಂಥ ಸದ್ದಾಯಿತು, ಆಮೇಲೆ ಮೇಘಾಳ ಕೂಗೇ ನಿಂತುಹೋಯಿತು. ದೀಪಾ ಮುಂದಿನ ಸಾಲು ಓದಿದಳು.

ಬಾಗಿಲು ತೆರೆದಾಗ ಮೇಘಾಳ ಬಲಗೈ ಮೊಣಕೈ ಕೆಳಗೆ ಬೇರೆ ದಿಕ್ಕಿಗೆ ಹೊರಳಿತ್ತು. ಅಡ್ಡ ಹಿಡಿದ ಕೈ ಮುರಿದ ಮೇಲೆ ಇನ್ನೊಂದು ಏಟು ದವಡೆಗೆ ಬಿದ್ದಿತ್ತು. ಮಾಳು ಗೋಡೆಗೆ ಒರಗಿ ಕುಳಿತು ಏದುಸಿರು ಬಿಡುತ್ತಿದ್ದ. "ನಾ ಅಷ್ಟ ಜೋರ ಹೊಡದಿಲ್ಲ" ಎಂದು ಎರಡು ಸಲ ಹೇಳಿದ.

ಟೆಂಪೊ ಮಾಡಿಕೊಂಡು ಘಟಪ್ರಭಾಕ್ಕೆ ಒಯ್ದರು. ದೀಪಾ ದಾರಿಯುದ್ದಕ್ಕೂ ಮೇಘಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕ್ಷಮಿಸು ಎನ್ನಲು ಹೋದಳು. ಆ ಬಾಯಿಯಿಂದ ಆ ಮಾತು ಹೊರಡಲಿಲ್ಲ.

ಸೋಮವಾರ ಹತ್ತೂವರೆಗೆ ದವಾಖಾನೆಗೆ ಹವಾಲ್ದಾರರೊಬ್ಬರು ಬಂದರು. ಎಲುಬು ಮುರಿದು ಬಂದವರ ಹೇಳಿಕೆ ಬರೆದುಕೊಳ್ಳಬೇಕೆಂಬುದು ನಿಯಮ. ಮೇಘಾಳ ದವಡೆಗೆ ತಂತಿ ಬಿಗಿದಿದ್ದರು, ಬಲಗೈಗೆ ಪ್ಲಾಸ್ಟರ್ ಇತ್ತು. ಮಾತಿಲ್ಲ, ಬರೆಯಲು ಕೈಯಿಲ್ಲ. ಹುಕ್ಕೇರಿಯಿಂದ ಬೀರಸಿದ್ದಪ್ಪ ಬಂದು ಕಾಲ್ದೆಸೆಯಲ್ಲಿ ನಿಂತಿದ್ದ. ಮಾಯವ್ವ ಗಂಜಿಯ ಡಬ್ಬಿ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದಳು.

"ಹೆಂಗಾತು?" ಎಂದು ಹವಾಲ್ದಾರ ಕೇಳಿದರು.

"ಬಣವಿ ಮ್ಯಾಲಿಂದ ಬಿದ್ಳರಿ" ಎಂದ ಮಾಳು. "ಕಣಿಕಿ ಇಳಸಾಕ ಹತ್ತಿದ್ಳು."

"ಹೌದರಿ" ಎಂದ ಶಿದ್ರಾಮ.

ಹವಾಲ್ದಾರ ಬೀರಸಿದ್ದಪ್ಪನ ಕಡೆ ನೋಡಿದರು. ಅವನು ತಲೆಯ ಪಟಗ ಸರಿಮಾಡಿಕೊಂಡ. "ಸಣ್ಣಾಕಿದ್ದಾಗಿಂದ ಅವಸರ ಭಾಳ್ರಿ ನಮ್ಮ ಹುಡುಗಿಗೆ. ಬಿದ್ದಿರಬೇಕು."

ಮೇಘಾ ಕಣ್ಣು ಮುಚ್ಚಿದಳು. ಹವಾಲ್ದಾರ ಬರೆದು ಮುಗಿಸಿದರು. "ಎಡಗೈ ಹೆಬ್ಬೆಟ್ಟ ತಗೋತೇನಿ. ಅದಕ್ಕೂ ಮೊದಲ ಪೇಷಂಟಿಗೆ ಓದಿ ಕೇಳಸಬೇಕು. ಬರಿಯೂದ ಅಂದಾಜಿನ್ಯಾಗ ಬರದ್ನಿ, ಓದಾಕ ಚಾಳೀಸ ಬೇಕು, ಅದು ಸ್ಟೇಷನ್ಯಾಗ ಉಳೀತು. ಓದಿದವ್ರ ಯಾರರೆ ಅದೀರೇನ?"

"ನಮ್ಮ ಹುಡುಗಿ ಎಂ.ಎ. ಅದಾಳ್ರಿ" ಎಂದು ಶಿದ್ರಾಮ ಎದೆ ಮುಂದೆ ಮಾಡಿದ. "ದೀಪಾ, ಓದ. ಗಟ್ಟ್ಯಾಗಿ ಓದ. ಓದಿ ಬಸ್ಸಿಗೆ ಹೋಗ, ಚೀಲಾ ತಂದೇನಿ."

ಖರೆ, ಚೀಲ ಅವನ ಹೆಗಲಲ್ಲೇ ಇತ್ತು. ದೀಪಾ ಹಾಳೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ತುಟಿ ಮುಚ್ಚಿ ಓದಿದಳು. ಕೊನೆಯ ಸಾಲು ಹೀಗಿತ್ತು: ಸದರಿ ಹೇಳಿಕೆ ಓದಿಸಿ ಕೇಳಿದೆ, ಸರಿ ಇದೆ.

"ದನಿ ಬರವಲ್ದಲ್ಲ?" ಎಂದ ಶಿದ್ರಾಮ.

ದನಿ ಬಂತು. ವಾರ್ಡಿನ ಆ ಮೂಲೆಯ ರೋಗಿಗಳೂ ತಲೆ ತಿರುಗಿಸಿದರು.

"ನಾನು ಮೇಘಾ, ಗಂಡ ಮಾಳು, ವಾಸ ಮಸಗುಪ್ಪಿ. ನಿನ್ನೆ ಸಂಜೆ ನನ್ನ ಗಂಡನು ಸಲಿಕೆಯ ಕಾವಿನಿಂದ ಹೊಡೆದು ನನ್ನ ಬಲಗೈ ಮುರಿದನು. ಎರಡನೆಯ ಏಟಿಗೆ ದವಡೆ ಮುರಿಯಿತು. ಆ ಹೊತ್ತಿನಲ್ಲಿ ನನ್ನ ಮಾವ ಕಟ್ಟೆಯ ಮೇಲೆ ಕುಳಿತಿದ್ದನು. ನನ್ನ ಕೂಗು ಹೊರಗೆ ಹೋಗಬಾರದೆಂದು ನನ್ನ ನಾದಿನಿ ದೀಪಾ ಪಡಸಾಲೆಯಲ್ಲಿ ಗಟ್ಟಿಯಾಗಿ ಪುಸ್ತಕ ಓದುತ್ತಿದ್ದಳು. ತನ್ನ ಪರೀಕ್ಷೆಗಾಗಿ ಓದುತ್ತಿದ್ದಳು."

"ಏ, ಏ, ನಾ ಹಂಗ ಬರದಿಲ್ಲ!" ಎಂದರು ಹವಾಲ್ದಾರ.

"ಬರದಿಲ್ರಿ. ಬರಕೋರಿ."

ಮಾಳು ಹಾರಿ ಬಂದು ಅವಳ ಜಡೆ ಹಿಡಿದ. ತಲೆಯನ್ನು ಮಂಚದ ಕಬ್ಬಿಣಕ್ಕೆ ಒಮ್ಮೆ ಬಡಿದ, ಇನ್ನೊಮ್ಮೆ ಬಡಿಯುವಷ್ಟರಲ್ಲಿ ಹವಾಲ್ದಾರ ಮತ್ತು ವಾರ್ಡ್‌ಬಾಯ್ ಅವನ ತೋಳು ತಿರುಚಿ ಗೋಡೆಗೆ ಒತ್ತಿದರು. ಹುಬ್ಬಿನ ಮೇಲಿಂದ ರಕ್ತ ಇಳಿದು ಕಣ್ಣಿಗೆ ಬಂದರೂ ದೀಪಾ ಹಾಳೆ ಬಿಡಲಿಲ್ಲ.

"ಬಾಯಿ ಮುಚ್ಚ!" ಎಂದು ಶಿದ್ರಾಮ ಕೂಗಿದ. ಹುಟ್ಟಿದಾಗಿನಿಂದ ಅವನು ಮಗಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. "ಬಾಯಿ ಮುಚ್ಚ, ಇಲ್ಲಾಂದ್ರ ಪರೀಕ್ಷಾ ಮರತ ಬಿಡ!"

"ಬಿಟ್ಟೆನಪಾ" ಎಂದಳು ದೀಪಾ.

ಹವಾಲ್ದಾರ ಮಂಚದ ಹತ್ತಿರ ಬಾಗಿದರು. "ಏನವಾ ತಂಗಿ, ಈಕಿ ಹೇಳೂದು ಖರೆ ಏನ?"

ಮೇಘಾ ಅಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಹೌದೆಂದು ತಲೆ ಆಡಿಸಿದಳು, ನೋವಿಗೆ ಕಣ್ಣಲ್ಲಿ ನೀರು ಬಂತು, ಮತ್ತೊಮ್ಮೆ ಆಡಿಸಿದಳು. ಎಡಗೈ ಮುಂದೆ ಚಾಚಿ ಹೆಬ್ಬೆಟ್ಟು ಎತ್ತಿದಳು.

"ಹಂಗಾದ್ರ ಇದನ್ನ ಹರದ ಮತ್ತ ಬರೀಬೇಕಾತು" ಎಂದು ಹವಾಲ್ದಾರ ಬೇಸರದಿಂದ ಹಾಳೆ ಮಗುಚಿದರು. "ನಿನ್ನಿ ಸಂಜಿಕೆ ಎಷ್ಟ ಹೊತ್ತಾಗಿತ್ತು? ಅಲ್ಲಿಂದ ಚಾಲೂ ಮಾಡೂಣು."

"ಅಲ್ಲಿಂದ ಬ್ಯಾಡ್ರಿ ಸಾಹೇಬ್ರ."

ನೆಲದ ಮೇಲಿಂದ ಮಾಯವ್ವ ಎದ್ದು ನಿಂತಿದ್ದಳು. ಗಂಜಿ ಡಬ್ಬಿಯನ್ನು ಮೇಘಾಳ ತಲೆದೆಸೆಯಲ್ಲಿ ಇಟ್ಟು, ಸೊಟ್ಟ ಬೆರಳಿನ ಕೈಯನ್ನು ಹವಾಲ್ದಾರರ ಮುಂದೆ ಹಿಡಿದಳು. ಶಿದ್ರಾಮ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಡೆ ನೋಡಲಿಲ್ಲ.

"ಈಕಿ ಈಗ ಬಂದಾಳ್ರಿ. ಈಕಿನ್ನ ಆಮ್ಯಾಲೆ ಬರೀರಿ. ಮೊದಲ ನನ್ನ ಬರೀರಿ."

"ನಿಂದೇನ ಬರೀಲಿ ಮುದುಕಿ? ಎಷ್ಟ ವರ್ಷದ್ದು?"

"ನನ್ನ ಲಗ್ನ ಆಗಿ ಮೂರನೇ ದಿನದಿಂದ ಬರೀರಿ" ಎಂದಳು ಮಾಯವ್ವ.